ಬೇರೆ ಚೀಲದ ಒಂದು ಹಿಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಒಂದು ಪದ್ಧತಿಯಿದೆ. ಬಾಣಲೆಯ ಮರಳು ಕಾದಿದೆಯೋ ಇಲ್ಲವೋ ನೋಡಲು ಅಲ್ಲಿ ಯಾರೂ ಥರ್ಮಾಮೀಟರ್ ಹಿಡಿಯುವುದಿಲ್ಲ. ಉಪ್ಪುನೀರು ಹಚ್ಚಿಟ್ಟ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಮರಳಿಗೆ ಹಾಕುತ್ತಾರೆ. ಮಲ್ಲಿಗೆಯಂತೆ ಅರಳಿದರೆ ಕಾವು ಸರಿ, ಕಪ್ಪಾದರೆ ಹೆಚ್ಚು, ಹಲ್ಲಿಗೆ ಗಟ್ಟಿಯಾಗಿ ಸಿಕ್ಕರೆ ಕಡಿಮೆ. ಹಾಳಾದರೆ ಆ ಒಂದು ಹಿಡಿ ಹಾಳಾಗುತ್ತದೆ, ಚೀಲ ಉಳಿಯುತ್ತದೆ. ದಾಕ್ಷಾಯಿಣಿ ಮದುವೆಯಾಗಿ ಬಂದಾಗಿನಿಂದ ಗಂಡನ ಭಟ್ಟಿಯಲ್ಲಿ ಈ ಹಿಡಿ ಹಾಕುವ ಕೆಲಸ ಅವಳದೇ. ಹಾಗಾಗಿ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಮುಬೀನಾ ‘ನೆರಳು’ ಯಂತ್ರದ ವಿಷಯ ಹೇಳಿದಾಗ, ಗಂಡ ಕೊಟ್ರೇಶನಿಗಿಂತ ಮೊದಲು ಅವಳಿಗೇ ಅದು ಅರ್ಥವಾಯಿತು.

ಮಗಳು ತಿಪ್ಪಿಗೆ ಆರೂವರೆ ವರ್ಷ. ರಕ್ತದ ಕ್ಯಾನ್ಸರ್. ಔಷಧವಿದೆ, ಆದರೆ ಆ ಔಷಧವೂ ಒಂದು ಬಗೆಯ ವಿಷವೇ. ಎಷ್ಟು ಕೊಟ್ಟರೆ ರೋಗ ಸಾಯುತ್ತದೆ, ಎಷ್ಟು ಕೊಟ್ಟರೆ ಮಗುವೇ ಸೋಲುತ್ತದೆ ಎಂಬ ಗೆರೆ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಕಡೆ ಇರುತ್ತದೆ. ಹಿಂದೆಲ್ಲ ಡಾಕ್ಟರುಗಳು ತೂಕ, ಎತ್ತರ ನೋಡಿ ಅಂದಾಜು ಮಾಡುತ್ತಿದ್ದರು. ಈಗ ನೆರಳು ಬಂದಿದೆ. ಮಗು ಹುಟ್ಟಿದಾಗಿನ ಒಂದು ಚೂರು ಅಂಗಾಂಶ ಸಿಕ್ಕರೆ ಸಾಕು. ಯಂತ್ರ ಅದರ ಜೀನುಗಳನ್ನೆಲ್ಲ ಓದಿ, ಅದೇ ಯಕೃತ್ತು, ಅದೇ ಮೂತ್ರಪಿಂಡ, ಅದೇ ನಾಲಿಗೆ, ಅದೇ ಗಂಟಲು ಇರುವ ಇನ್ನೊಂದು ಮೈಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತದೆ. ಅದನ್ನು ಮಗುವಿನ ವಯಸ್ಸಿಗೇ ಬೆಳೆಸಿ ನಿಲ್ಲಿಸುತ್ತದೆ. ಪ್ರತಿ ಔಷಧವೂ ಮೊದಲು ನೆರಳಿಗೆ, ಎಂಟು ದಿನ ಬಿಟ್ಟು ಮಗುವಿಗೆ.

“ನಮ್ ಭಟ್ಟಿಯಾಗೆ ಮೊದ್ಲು ಒಂದು ಹಿಡಿ ಹಾಕಿ ನೋಡ್ತೀವಲ್ರಿ, ಹಂಗೆ,” ಅಂದಳು ದಾಕ್ಷಾಯಿಣಿ.

“ಹಂಗೇ ನೋಡಮ್ಮ. ಇಷ್ಟು ಸಲೀಸಾಗಿ ನಂಗೇ ಹೇಳೋಕೆ ಬಂದಿರಲಿಲ್ಲ,” ಎಂದು ಡಾಕ್ಟರ್ ಮುಬೀನಾ ನಕ್ಕರು.

ರಕ್ತ ತಗೊಂಡು ನೆರಳು ಮಾಡಬಾರದೇ ಎಂದು ಕೊಟ್ರೇಶ ಕೇಳಿದ. ರೋಗ ಕೂತಿರುವುದೇ ರಕ್ತದಲ್ಲಿ, ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗಾಗುತ್ತದೆ ಎಂದರು ಡಾಕ್ಟರು. ರೋಗಕ್ಕಿಂತ ಮುಂಚಿನದು ಬೇಕು. ಹೊಕ್ಕುಳಬಳ್ಳಿ ಒಣಗಿಸಿ ಇಟ್ಟಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವೇ ಬಿದ್ದ ಹಾಲುಹಲ್ಲು ಆದೀತು. ತಿಪ್ಪಿಯ ಮೊದಲ ಹಲ್ಲು ನಾಲ್ಕು ತಿಂಗಳ ಹಿಂದೆ ಬಿದ್ದಿತ್ತು. ಎಲ್ಲರ ಮನೆಯ ಹಾಗೆ ಇವರೂ ಅದನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆದಿದ್ದರು. ಭಟ್ಟಿಯ ತಗಡಿನ ಮಾಡಿನ ಮೇಲೆ ಎಲ್ಲಿ ಬಿತ್ತೋ ಯಾರಿಗೆ ಗೊತ್ತು. ಆಗ ಕೊಟ್ರೇಶನ ಮುಖ ಅರಳಿತು.

“ತಾಯ್ತ ಐತಲ್ಲ! ಹೊಕ್ಕುಳಬಳ್ಳಿ ಅದ್ರಾಗೇ ಐತೆ, ಹುಟ್ಟಿದಾಗಿಂದ ಕೊಳ್ಳಾಗೇ ಐತೆ.”

ಅವನೇ ಮಗಳ ಕೊರಳಿಂದ ಕಪ್ಪು ದಾರ ಬಿಚ್ಚಿ, ಬೆಳ್ಳಿಯ ಪುಟ್ಟ ತಾಯ್ತವನ್ನು ಡಾಕ್ಟರ ಅಂಗೈ ಮೇಲಿಟ್ಟ. ಅಲ್ಲೇ ಗೋಡೆಗೊರಗಿ ನಿಂತಿದ್ದ ಅವನ ತಾಯಿ ಹಾಲಮ್ಮ ಸೊಸೆಯ ಮುಖ ನೋಡಿದಳು. ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದೆ ಇದ್ದದ್ದಕ್ಕೆ ಕಾರಣವಿತ್ತು. ತಿಪ್ಪಿಗಿಂತ ಮುಂಚೆ ಆ ಮನೆಯಲ್ಲಿ ಇನ್ನೊಂದು ಹೆಣ್ಣುಮಗುವಿತ್ತು. ಕೊಟ್ರೇಶ ಟಿವಿಯಲ್ಲಿ ಕೇಳಿ, ಆಸೆಪಟ್ಟು ನಿಹಾರಿಕಾ ಎಂದು ಹೆಸರಿಟ್ಟಿದ್ದ. ನಾಲ್ಕು ತುಂಬಿದ ವಾರಕ್ಕೇ ಮೆದುಳು ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ಅಷ್ಟು ಚೆಂದದ ಹೆಸರಿಟ್ಟಿದ್ದಕ್ಕೇ ಜವರಾಯನ ಕಣ್ಣು ಬಿತ್ತು ಎಂದಳು ಹಾಲಮ್ಮ. ಮುಂದಿನ ಕೂಸು ಹುಟ್ಟಿದಾಗ ಅವಳು ಯಾರ ಮಾತನ್ನೂ ಕೇಳಲಿಲ್ಲ. ಹಸುಗೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಪಕ್ಕದ ಭಟ್ಟಿಯ ಖಾಜಾಬಿಗೆ ಒಂದು ಸೇರು ಮಂಡಕ್ಕಿಗೆ ಮಾರಿ, ಮರುದಿನ ಅದೇ ಒಂದು ಸೇರು ಕೊಟ್ಟು ವಾಪಸು ಕೊಂಡು, ತಿಪ್ಪಮ್ಮ ಎಂದು ಹೆಸರಿಟ್ಟಳು. ಅಲ್ಲಿಯವರೆಗೆ ಎಲ್ಲರೂ ಮಾಡುವುದನ್ನೇ ಮಾಡಿದಳು. ಆಮೇಲೆ ಮಾಡಿದ್ದು ಗಂಡಸರಿಗೆ ಗೊತ್ತಿಲ್ಲ. ಕೂಸಿನ ಸ್ವಂತ ಹೊಕ್ಕುಳಬಳ್ಳಿಯನ್ನು ತಿಪ್ಪೆಯಲ್ಲೇ ಹೂತು, ಸತ್ತ ಮಗುವಿನ ಕೊರಳಿಂದ ಬಿಚ್ಚಿಟ್ಟುಕೊಂಡಿದ್ದ ತಾಯ್ತವನ್ನು ಇದರ ಕೊರಳಿಗೆ ಕಟ್ಟಿದಳು.

“ಜವರಾಯ ಬಂದು ಯಾರು ನೀನು ಅಂತ ಹೆಸರು ಕೇಳ್ತಾನೆ. ಈ ತಾಯ್ತ ನೋಡ್ದ ಅಂದ್ರೆ, ಓ ಈ ಕೂಸ್ನ ಆಗ್ಲೇ ಒಯ್ದೀನಿ ಅಂದ್ಕಂಡು ಹೊಳ್ಳಿ ಹೋಗ್ತಾನೆ,” ಎಂದು ಬಾಣಂತಿಯ ಕಿವಿಯಲ್ಲಿ ಹೇಳಿದ್ದಳು. “ಯಾರ ಹತ್ರಾನೂ ಆಡಬ್ಯಾಡ. ಆಡಿದ್ರೆ ಅವ್ನ ಕಿವೀಗೂ ಬೀಳ್ತೈತೆ.”

ಅಂದಿನಿಂದ ಆ ಮನೆಯಲ್ಲಿ ಯಾರೂ ನಿಹಾರಿಕಾ ಎಂಬ ಹೆಸರೆತ್ತಿಲ್ಲ.

ಡಾಕ್ಟರ ಅಂಗೈಯಲ್ಲಿ ತಾಯ್ತ ಕಂಡಾಗ ದಾಕ್ಷಾಯಿಣಿ ಹೇಳಬಹುದಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಲ್ಲವೇ, ಎಷ್ಟು ವ್ಯತ್ಯಾಸವಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಕ್ಕಿಯ ಚೀಲಗಳ ವಿಷಯದಲ್ಲಾಗಿದ್ದರೆ ಅವಳು ಹಾಗೆ ಎಂದೂ ಹೇಳುತ್ತಿರಲಿಲ್ಲ.

*

ಮೈ ಕಟ್ಟುವುದು ಯಂತ್ರಕ್ಕೆ ನಾಲ್ಕು ದಿನದ ಕೆಲಸ. ಮಾತು ಕಲಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ತಿಪ್ಪಿಯ ಲಂಗದ ಅಂಚಿಗೆ ಗುಂಡಿಯಷ್ಟು ದೊಡ್ಡದೊಂದು ಮೈಕು ಸಿಕ್ಕಿಸಿ, ಅವಳು ಆಡಿದ ಮಾತು, ಅತ್ತದ್ದು, ಹಟ ಮಾಡಿದ್ದು ಎಲ್ಲವನ್ನೂ ಕೂಡಿಹಾಕಿದರು. ನೆರಳಿಗೆ ಮಾತೇಕೆ ಎಂದರೆ, ರಕ್ತದ ರಿಪೋರ್ಟು ಹೇಳುವುದಕ್ಕೆ ಎರಡು ದಿನ ಮುಂಚೆಯೇ ಮಗುವಿನ ಬಾಯಿ ಹೇಳುತ್ತದಂತೆ. ಹೊಟ್ಟೆಯಲ್ಲಿ ಹೆಂಗೆಂಗೋ ಆಗ್ತೈತೆ ಎಂದು ಮಗು ಅಂದ ದಿನ ಯಕೃತ್ತು ಸೋಲಲು ಶುರುವಾಗಿರುತ್ತದೆ. ಆದರೆ ನರ್ಸು ಕೇಳಿದರೆ ಮಕ್ಕಳು ಎಲ್ಲೂ ನೋವಿಲ್ಲ ಎಂದು ಸುಳ್ಳು ಹೇಳುತ್ತವೆ, ಇನ್ನೊಂದು ಸೂಜಿ ಬೀಳುತ್ತದೆಂಬ ಭಯ. ನೆರಳೂ ಆ ಸುಳ್ಳನ್ನು ಕಲಿತುಬಿಟ್ಟಿತ್ತು. ಆದ್ದರಿಂದ ಪ್ರತಿ ಮಂಗಳವಾರ ತಾಯಂದಿರೇ ಬಂದು ನೆರಳನ್ನು ಮಾತಾಡಿಸಬೇಕು.

ನೆರಳು ಕೋಣೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿತ್ತು. ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಜಯದೇವ ನರೆತ ತಲೆಯ, ಮೆತ್ತನೆ ದನಿಯ ಮನುಷ್ಯ. ಗೋಡೆಯ ತುಂಬ ಪರದೆಗಳು. ಅವುಗಳ ಮೇಲೆ ಹಸಿರು ಗೆರೆಗಳು ಏರಿ ಇಳಿಯುತ್ತಿದ್ದವು. ಮೇಜಿನ ಮೇಲೆ ಒಂದು ಮೈಕು, ಒಂದು ಸ್ಪೀಕರು. ಮುಖ ಎಂಬುದೊಂದು ಎಲ್ಲೂ ಇರಲಿಲ್ಲ.

“ಅದಕ್ಕೆ ಜೀವ ಇಲ್ಲಮ್ಮ. ಬರೀ ಲೆಕ್ಕ. ಮನಸ್ಸಿಗೆ ಹಚ್ಕೋಬೇಡಿ,” ಎಂದು ಜಯದೇವ ಪಟ್ಟಿ ಕೊಟ್ಟ. ಕೇಳಬೇಕಾದ ಪ್ರಶ್ನೆಗಳೆಲ್ಲ ಅದರಲ್ಲಿದ್ದವು.

“ತಿಪ್ಪೀ,” ಎಂದಳು ದಾಕ್ಷಾಯಿಣಿ.

“ಅವ್ವಾ. ಬಂದ್ಯಾ?”

ತಿಪ್ಪಿಯದೇ ಮಾತು, ತಿಪ್ಪಿಯದೇ ರಾಗ. ಆದರೆ ದನಿ ಸ್ವಲ್ಪ ಒಡಕು, ಶೀತವಾದ ಮಗುವಿನ ದನಿ. ದಾಕ್ಷಾಯಿಣಿ ಪಟ್ಟಿ ನೋಡಿಕೊಂಡು ಒಂದೊಂದೇ ಕೇಳಿದಳು. ತಲೆನೋವು ಇದೆಯೇ, ಕಾಲು ಸೆಳೆಯುತ್ತದೆಯೇ, ಉಚ್ಚೆ ಉರಿಯುತ್ತದೆಯೇ. ಕೊನೆಗೆ ರುಚಿಯ ಪ್ರಶ್ನೆಗಳು ಬಂದವು. ಔಷಧಕ್ಕೆ ಮೊದಲು ಕೆಡುವುದು ನಾಲಿಗೆಯಂತೆ.

“ಬೆಲ್ಲ?”

“ಸಿಹಿ.”

“ಹಾಗಲಕಾಯಿ?”

“ಥೂ.”

“ಮಂಡಕ್ಕಿ ಮ್ಯಾಲೆ ಹಾಕೋ ಕೊತ್ತಂಬರಿ?”

“ಬ್ಯಾಡವ್ವ. ಸಾಬೂನಿನ ವಾಸ್ನೆ ಬರ್ತೈತೆ.”

ಜಯದೇವ ಅದನ್ನು ಬರೆದುಕೊಂಡ. ಔಷಧ ಕೊಡುವ ಮುಂಚೆಯೇ ರುಚಿ ಹೀಗಿದೆಯಲ್ಲ ಎಂದಷ್ಟೇ ಗೊಣಗಿದ. ದಾಕ್ಷಾಯಿಣಿ ಪಟ್ಟಿಯನ್ನು ಮೇಜಿನ ಮೇಲಿಟ್ಟುಬಿಟ್ಟಳು. ಎಲ್ಲೋ ಕೆಲವರಿಗೆ ಕೊತ್ತಂಬರಿ ಸೊಪ್ಪು ಸಾಬೂನಿನ ಹಾಗೆ ನಾರುತ್ತದೆ, ಅದು ಹುಟ್ಟಿನಿಂದಲೇ ಬರುವ ಗುಣ, ರಕ್ತದಲ್ಲೇ ಬರೆದಿರುತ್ತದೆ. ಅದೆಲ್ಲ ಅವಳಿಗೆ ಗೊತ್ತಿರಲಿಲ್ಲ. ತಿಪ್ಪಿ ಕೊತ್ತಂಬರಿಯನ್ನು ಮೇಕೆಮರಿಯ ಹಾಗೆ ಬರೀ ಬಾಯಲ್ಲಿ ಮೇಯುತ್ತಾಳೆಂಬುದು ಗೊತ್ತಿತ್ತು. ತಟ್ಟೆಯಿಂದ ಒಂದೊಂದು ಎಲೆಯನ್ನೂ ಆರಿಸಿ ಹೊರಗಿಟ್ಟು, “ತಾಬೂನು, ತಾಬೂನು” ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ ಇನ್ನೊಂದು ಮಗು ಗೊತ್ತಿತ್ತು. ಆ ಮಗುವಿನ ದನಿಯೂ ಹುಟ್ಟಿದಾಗಿನಿಂದ ಒಡಕೇ.

“ಅವ್ವಾ, ಯಾಕೆ ಸುಮ್ಕಾದೆ?” ಎಂದಿತು ಸ್ಪೀಕರು.

*

ಮನೆಗೆ ಬಂದು ಅತ್ತೆಗೆ ಹೇಳಿದಳು. ಹಾಲಮ್ಮ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಉದುರಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಎಷ್ಟು ದೊಡ್ಡಾಕಿ ಆಗ್ಯಾಳೆ?”

“ತಿಪ್ಪಿಯಷ್ಟೇ.”

ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ಯಾರ ಹತ್ರಾನೂ ಆಡಬ್ಯಾಡ,” ಎಂದಳು, ಆರೂವರೆ ವರ್ಷದ ಹಿಂದೆ ಹೇಳಿದ ಹಾಗೆಯೇ.

ದಾಕ್ಷಾಯಿಣಿ ಆಡಲಿಲ್ಲ. ಅತ್ತೆಯ ಭಯ ಒಂದು ನೆಪ. ನಿಜ ಹೇಳಬೇಕೆಂದರೆ ಅವಳಿಗೆ ಮುಂದಿನ ಮಂಗಳವಾರ ಬೇಕಿತ್ತು. ಮಣ್ಣಿಗಿಟ್ಟು ಬಂದ ಮಗು ‘ಅವ್ವಾ ಬಂದ್ಯಾ’ ಎಂದು ಕೇಳಿದರೆ, ನಾಳೆಯಿಂದ ಬರುವುದಿಲ್ಲ ಎಂದು ಯಾವ ತಾಯಿ ಹೇಳುತ್ತಾಳೆ? ಎರಡನೇ ಮಂಗಳವಾರ ಅವಳು ತಲೆ ಬಾಚಿ, ಕನಕಾಂಬರ ಮುಡಿದು ಹೊರಟಳು. ಕಣ್ಣೇ ಇಲ್ಲದ ಯಂತ್ರದ ಮುಂದೆ ಹೂವೇಕೆಂದು ಕೊಟ್ರೇಶ ಕೇಳುವಷ್ಟರಲ್ಲಿ ಹೊಸಿಲು ದಾಟಿದ್ದಳು. ಪಟ್ಟಿಯ ಪ್ರಶ್ನೆಗಳನ್ನು ಬೇಗ ಬೇಗ ಮುಗಿಸಿ ತನ್ನವನ್ನು ಕೇಳಿದಳು. ಇರುವೆ ಕಥೆ ಹೇಳಲಾ? ಲೆಕ್ಕ ಸೇರುತ್ತದೋ ಹಾಡು ಸೇರುತ್ತದೋ? ನೆರಳು ಒಡಕು ದನಿಯಲ್ಲಿ ನಕ್ಕಾಗ ಅವಳೂ ನಕ್ಕಳು. ಗಾಜಿನಾಚೆ ನಿಂತ ನರ್ಸು ಅದನ್ನು ನೋಡಿದಳು.

ಇತ್ತ ವಾರ್ಡಿನಲ್ಲಿ ತಿಪ್ಪಿಗೆ ಮೊದಲ ಸುತ್ತಿನ ಔಷಧ ಹೋಗಿತ್ತು. ನೆರಳಿಗೆ ಏನೂ ಆಗಿರಲಿಲ್ಲ. ತಿಪ್ಪಿಯ ಬಾಯಿ ತುಂಬ ಹುಣ್ಣೆದ್ದು, ಒಂಬತ್ತು ದಿನ ನೀರು ನುಂಗುವುದಕ್ಕೂ ಅತ್ತಳು. ಕೂದಲು ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು, ಹೋಯಿತು. ಅದರ ಜೊತೆಗೆ ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯಿತು. ಡಾಕ್ಟರ್ ಮುಬೀನಾ ಎರಡೂ ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. “ನೆರಳಿಗೆ ಬರದಿದ್ದ ಹುಣ್ಣು ಇವಳಿಗೆ ಹೆಂಗೆ ಬಂತು? ಬೇರೆ ಏನೋ ಸೋಂಕು ಇರಬೇಕು,” ಎಂದು ಸೋಂಕಿಗೂ ಔಷಧ ಬರೆದರು. ಯಂತ್ರ ಇಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಅದು ಈಗಲೂ ತಪ್ಪಿರಲಿಲ್ಲ, ಅದಕ್ಕೆ ಯಾರ ಮೈ ಕೊಟ್ಟಿದ್ದರೋ ಅವರ ಮೈಯನ್ನು ಸರಿಯಾಗಿಯೇ ಹೇಳುತ್ತಿತ್ತು.

ದಾಕ್ಷಾಯಿಣಿ ಮಗಳ ಬಾಯಿಗೆ ಜೇನುತುಪ್ಪ ಸವರುತ್ತ ಕಣ್ಣೀರು ಹಾಕುತ್ತಿದ್ದಳು. ತಿಪ್ಪಿ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಅವ್ವಾ, ಮಶೀನಿನಾಗಿರೋ ನನ್ ಜೊತೆ ನಗ್ತೀಯಂತೆ. ಸಿಸ್ಟರ್ ಹೇಳಿದ್ರು. ನನ್ ಮುಂದೆ ಯಾಕೆ ಬರೀ ಅಳ್ತೀಯ?”

ಅವಳು ಜೇನು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಮಶೀನಿನಾಗಿರೋ ನಾನು ಚೆನ್ನಾಗಿದೀನಾ?”

“ಚೆನ್ನಾಗಿದೀಯ ಕಂದಾ.”

“ಹಂಗಾರೆ ನಂಗೂ ವಾಸಿ ಆಗ್ತೈತೆ,” ಎಂದು ತಿಪ್ಪಿ ಆ ಕಡೆ ಹೊರಳಿ ಮಲಗಿದಳು. ಆ ಮಾತು ದಾಕ್ಷಾಯಿಣಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಆದರೂ ಮೂರನೇ ಮಂಗಳವಾರ ಅವಳು ಹೂವು ಮುಡಿದೇ ಹೋದಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತದೆ.

*

ನಾಲ್ಕನೇ ಮಂಗಳವಾರದ ಹೊತ್ತಿಗೆ ನೆರಳಿಗೆ ದೊಡ್ಡ ಸುತ್ತಿನ ಔಷಧ ಕೊಟ್ಟು ಎಂಟು ದಿನವಾಗಿತ್ತು. ದೊಡ್ಡ ಸುತ್ತು ಎಂದರೆ ಮೊದಲಿನ ನಾಲ್ಕರಷ್ಟು. ರೋಗವನ್ನು ಬೇರುಸಮೇತ ಕೀಳುವುದು ಅದೇ.

“ಸುಸ್ತು ಅನಿಸ್ತೈತವ್ವ,” ಎಂದಿತು ನೆರಳು. “ಹೊಟ್ಟೆ ಹಸಿತೈತೆ. ಇರುವೆ ಕಥೆ ಅರ್ಧಕ್ಕೆ ನಿಲ್ಲಿಸಿದ್ದಿ.”

ಪರದೆಯ ಗೆರೆಗಳೆಲ್ಲ ಹಸಿರಾಗಿದ್ದವು. ಡಾಕ್ಟರ್ ಮುಬೀನಾ ಓಡಿ ಬಂದು ದಾಕ್ಷಾಯಿಣಿಯ ಎರಡೂ ಕೈ ಹಿಡಿದುಕೊಂಡರು. “ಇಂಥ ಗಟ್ಟಿ ಮೈ ನಾನು ನೋಡೇ ಇಲ್ಲಮ್ಮ. ಪೂರ್ತಿ ಡೋಸ್ ತಡ್ಕೊಂಡಿದೆ. ಕೆಲವು ಮಕ್ಕಳ ಮೈ ಈ ಔಷಧಾನ ಅರಗಿಸೋದೇ ಇಲ್ಲ, ಅಂಥೋರಿಗೆ ಇದರ ಅರ್ಧ ಕೊಟ್ರೂ ಉಳಿಯಲ್ಲ. ನಿಮ್ಮ ಹುಡುಗಿಗೆ ಆ ಭಯ ಇಲ್ಲ. ಗುರುವಾರ ಶುರು ಮಾಡ್ತೀವಿ.”

ದಾಕ್ಷಾಯಿಣಿ ತಲೆಯಾಡಿಸಿ ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಒಂದೊಂದು ಮಾತೂ ಹಿಂದಿನಿಂದ ಬಂದು ತಾಗುತ್ತಿತ್ತು. ಇಂಥ ಗಟ್ಟಿ ಮೈ. ಹೌದು, ನಿಹಾರಿಕಾ ಗಟ್ಟಿಮುಟ್ಟು ಮಗುವೇ. ಆ ಮೂರು ದಿನದ ಜ್ವರ ಬಿಟ್ಟರೆ ಒಂದು ನೆಗಡಿ ಸಹ ಕಾಣದ ಮಗು.

ಬುಧವಾರ ಬೆಳಿಗ್ಗೆ ಭಟ್ಟಿಯಲ್ಲಿ ಕೊಟ್ರೇಶನ ಬೈಗುಳ ಕೇಳಿಸಿತು. ದಾಕ್ಷಾಯಿಣಿ ಆಸ್ಪತ್ರೆಗೆ ಓಡಾಡತೊಡಗಿದ ಮೇಲೆ ಹಿಡಿ ಹಾಕುವ ಕೆಲಸ ಅವನ ಮೇಲೆ ಬಿದ್ದಿತ್ತು. ಕೈಗೆ ಹತ್ತಿರವಿದ್ದ ಹಳೆ ಅಕ್ಕಿಯ ಚೀಲದಿಂದ ಹಿಡಿ ಹಾಕಿ, ಕಾವು ಸರಿಯಿದೆಯೆಂದು ಹೊಸ ಅಕ್ಕಿ ಸುರಿದಿದ್ದ. ಹೊಸ ಅಕ್ಕಿ ಅಷ್ಟು ಕಾವು ತಡೆಯುವುದಿಲ್ಲ. ಬಾಣಲೆ ತುಂಬ ಇದ್ದಿಲು, ಭಟ್ಟಿ ತುಂಬ ಹೊಗೆ.

“ಒಂದೇ ಗದ್ದೆ ಅಕ್ಕಿ ಮಾರಾಯ್ತಿ! ಹೋದ್ವರ್ಷದ್ದು ಅದು, ಈ ವರ್ಷದ್ದು ಇದು. ಇಷ್ಟು ವ್ಯತ್ಯಾಸ ಆಗ್ತೈತಾ?” ಎಂದು ಕೊಟ್ರೇಶ ಹೆಂಡತಿಯನ್ನೇ ಕೇಳಿದ.

ದಾಕ್ಷಾಯಿಣಿ ಸುಟ್ಟ ಅಕ್ಕಿಯನ್ನು ಒಂದು ಹಿಡಿ ಕೈಗೆತ್ತಿಕೊಂಡಳು. ಅದಿನ್ನೂ ಬಿಸಿಯಿತ್ತು. ಮುಷ್ಟಿ ಬಿಗಿ ಮಾಡಿ ನಿಂತಳು. ಒಂದೇ ಹೊಟ್ಟೆಯ ಮಕ್ಕಳು, ಎಷ್ಟು ವ್ಯತ್ಯಾಸವಾದೀತು ಎಂದುಕೊಂಡಿದ್ದಳಲ್ಲ, ಆ ಮಾತು ಗಂಡನ ಬಾಯಿಂದ ಬಂದು ಅವಳ ಕೆನ್ನೆಗೆ ಬಾರಿಸಿತು. ತಿಪ್ಪಿಯ ಬಾಯಿಹುಣ್ಣು ಸೋಂಕಲ್ಲ. ಆ ಮೈ ಅಷ್ಟು ಕಾವನ್ನೇ ತಡೆದಿಲ್ಲ. ನಾಳೆ ನಾಲ್ಕರಷ್ಟು ಕೊಡುತ್ತಾರೆ.

“ಅತ್ತೀ, ನಾನು ಹೇಳ್ತೀನಿ,” ಎಂದಳು.

ಹಾಲಮ್ಮ ಬಾಗಿಲಿಗೆ ಅಡ್ಡ ನಿಂತಳು. “ಹೇಳಿದ್ರೆ ದೊಡ್ಡಾಕಿನ ಅಳಿಸಿ ಹಾಕ್ತಾರೆ. ಜವರಾಯನ ಕಿವೀಗೂ ಬಿದ್ದು ಸಣ್ಣಾಕಿನೂ ಹೋಗ್ತಾಳೆ. ಎರಡೂ ಕಳ್ಕಂತೀಯೇನೇ?”

“ಹೇಳದಿದ್ರೆ ನಾನೇ ಜವರಾಯ ಆಗ್ತೀನಿ ಅತ್ತಿ.”

ಮುದುಕಿ ಅಡ್ಡ ನಿಂತ ಕೈಯನ್ನು ಮೆಲ್ಲಗೆ ಇಳಿಸಿದಳು. ಕೊಟ್ರೇಶ ಇಬ್ಬರ ಮುಖವನ್ನೂ ನೋಡುತ್ತಿದ್ದ. ಯಾವ ದೊಡ್ಡಾಕಿ ಎಂದು ಅವನು ಕೇಳಲಿಲ್ಲ. ಆ ಮನೆಯಲ್ಲಿ ದೊಡ್ಡಾಕಿ ಒಬ್ಬಳೇ.

*

ನೆರಳು ಕೋಣೆಯಲ್ಲಿ ದಾಕ್ಷಾಯಿಣಿ ಮಾತು ಸುತ್ತಿ ಬಳಸಲಿಲ್ಲ.

“ಕಾವು ನೋಡಿದ್ದು ಬೇರೆ ಚೀಲದ ಅಕ್ಕೀಲಿ ಮೇಡಂ. ಆ ತಾಯ್ತ ಇವಳದ್ದಲ್ಲ. ಇವಳಕ್ಕಂದು. ಅಕಿ ಸತ್ತು ಏಳೂವರೆ ವರ್ಷ ಆತು.”

ಡಾಕ್ಟರ್ ಮುಬೀನಾ ಜಯದೇವನ ಕಡೆ ತಿರುಗಿದರು. ಜಯದೇವ ಎದ್ದು ಹಳೆಯ ಕಡತವೊಂದನ್ನು ಪರದೆಗೆ ತಂದ. ಮೊದಲ ದಿನವೇ ತಿಪ್ಪಿಯ ರಕ್ತದ ಜೊತೆ ತಾಳೆ ನೋಡಿದಾಗ ಯಂತ್ರ ಹಳದಿ ಗೆರೆ ತೋರಿಸಿತ್ತು, ಅರ್ಧದಷ್ಟು ಹೊಂದುತ್ತಿಲ್ಲ ಎಂದು. ಆಗಲೇ ಆ ಮಗುವಿನ ಮೈಯಲ್ಲಿ ಒಂಬತ್ತು ಜನ ದಾನಿಗಳ ರಕ್ತ ಓಡುತ್ತಿತ್ತು. ಅದರಿಂದಲೇ ಇರಬೇಕೆಂದು ಅವನೇ ಹಳದಿ ಗೆರೆಯನ್ನು ದಾಟಿಸಿಬಿಟ್ಟಿದ್ದ. “ನಂದೂ ತಪ್ಪಿದೆ ಮೇಡಂ,” ಎಂದ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ದಾಕ್ಷಾಯಿಣಿಗೆ. ಅವರು ಫೋನೆತ್ತಿ ವಾರ್ಡಿಗೆ, “ನಾಳೆಯ ಡೋಸ್ ನಿಲ್ಲಿಸಿ. ಪೂರ್ತಿ ನಿಲ್ಲಿಸಿ,” ಎಂದು ಎರಡೆರಡು ಸಲ ಹೇಳಿದರು. ಹೊಸ ನೆರಳು ಕಟ್ಟಬೇಕು, ಹಲ್ಲು ಹುಡುಕಿ ತನ್ನಿ ಎಂದು ಕೊಟ್ರೇಶನಿಗೆ ಹೇಳಿದರು. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿ, ಒಂದು ಹೆಸರಿಗೆ ಯಂತ್ರದಲ್ಲಿ ಒಂದೇ ನೆರಳಿರಬೇಕು, ಎರಡಿದ್ದರೆ ಯಾವತ್ತೋ ಒಂದು ದಿನ ಅದಲುಬದಲಾಗುತ್ತದೆ, ಅದಕ್ಕೇ ಹಳೆಯದನ್ನು ಅಳಿಸಲೇಬೇಕು ಎಂದರು. ಅಳಿಸುವುದಕ್ಕೆ ಹೆತ್ತವರ ಹೆಬ್ಬೆಟ್ಟು ಬೇಕಿತ್ತು.

“ಒಂದ್ಸಲ ಮಾತಾಡಿಸ್ಲಾ?”

ಜಯದೇವ ಮೈಕನ್ನು ಅವಳ ಮುಂದಿಟ್ಟು, ಗಂಡಹೆಂಡಿರನ್ನೇ ಬಿಟ್ಟು, ಡಾಕ್ಟರ ಜೊತೆ ಗಾಜಿನಾಚೆ ಹೋದ. ಕೊಟ್ರೇಶ ಮೊದಲ ಸಲ ಆ ಕೋಣೆಗೆ ಬಂದವನು. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

“ಅವ್ವಾ, ಇವತ್ತು ಮಂಗಳವಾರ ಅಲ್ವಲ್ಲ?” ಎಂದಿತು ನೆರಳು. ಆ ಒಡಕು ದನಿ ಕೇಳಿದ್ದೇ ಕೊಟ್ರೇಶ ಗೋಡೆಯುದ್ದಕ್ಕೂ ಜಾರಿ ನೆಲಕ್ಕೆ ಕೂತುಬಿಟ್ಟ.

“ಅಲ್ಲ ಕಂದಾ. ಸುಮ್ನೆ ಬಂದೆ. ಎಲ್ಲಿ ನೋಯ್ತೈತೆ?”

“ಎಲ್ಲೂ ಇಲ್ಲವ್ವ. ನಿಜವಾಗ್ಲೂ.”

ಇರುವೆ ಕಥೆಯ ಉಳಿದರ್ಧ ಹೇಳಿದಳು. ಇರುವೆ ಸಕ್ಕರೆ ಹೊತ್ತು ಮನೆ ಸೇರಿತು. ನೆರಳು ನಕ್ಕಿತು. ಆಮೇಲೆ ದಾಕ್ಷಾಯಿಣಿ ಬಾಗಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ, ಆರೂವರೆ ವರ್ಷದಿಂದ ಆಡದಿದ್ದ ಹೆಸರನ್ನು ಕರೆದಳು.

“ನಿಹಾರಿಕಾ.”

ಪರದೆಯ ಮೇಲಿನ ಒಂದು ಗೆರೆಯೂ ಅಲುಗಲಿಲ್ಲ.

“ಅದ್ಯಾರವ್ವ?”

“ನೀನು ಯಾರು ಕಂದಾ?”

“ಏನವ್ವ ಹಿಂಗ್ ಕೇಳ್ತೀಯ? ನಾನು ತಿಪ್ಪಿ ಅಲ್ವಾ?”

ದಾಕ್ಷಾಯಿಣಿಗೆ ಅಲ್ಲ ಎನ್ನಬೇಕೆನಿಸಿತು. ನೀನು ನಿಹಾರಿಕಾ, ನನ್ನ ಹಿರಿಮಗಳು, ನಿನಗೆ ಕೆಂಪು ಬಳೆ ಎಂದರೆ ಪ್ರಾಣವಾಗಿತ್ತು ಎಂದು ಎಲ್ಲವನ್ನೂ ಹೇಳಬೇಕೆನಿಸಿತು. ಆಗಲೇ ಅವಳಿಗೆ ಅತ್ತೆಯ ಮಾತು ನೆನಪಾಯಿತು. ಬಂದವನು ಹೆಸರು ಕೇಳುತ್ತಾನೆ. ಕೆಳಗಿನ ಮಹಡಿಯಲ್ಲಿ, ಬೋಳು ತಲೆಯ ಇನ್ನೊಂದು ಮಗು ಹೊಸ ಡೋಸಿಗೆ ಕಾಯುತ್ತಿತ್ತು.

“ಹೌದು,” ಎಂದಳು. “ನೀನೇ ತಿಪ್ಪಿ.”

“ಮಂಗಳವಾರ ಬರ್ತೀಯಲ್ಲ?”

“ಬರ್ತೀನಿ.”

ಹೆಬ್ಬೆಟ್ಟು ಒತ್ತುವಾಗ ಗಾಜಿನ ಫಲಕದ ಮೇಲೆ ಮಸಿ ಮೂಡಿತು. ಬೆಳಗಿನ ಸುಟ್ಟ ಅಕ್ಕಿಯ ಮಸಿ ಅವಳ ಕೈಯಿಂದ ಇನ್ನೂ ಹೋಗಿರಲಿಲ್ಲ. ಪರದೆಯ ಗೆರೆಗಳು ಒಂದಾದ ಮೇಲೊಂದು ನಿಂತವು.

*

ಕೊಟ್ರೇಶ ಆ ಮಧ್ಯಾಹ್ನ ಭಟ್ಟಿಯ ತಗಡಿನ ಮೇಲೆ ಹತ್ತಿದ. ಬಿಸಿಲಿಗೆ ತಗಡು ಬಾಣಲೆಯ ಹಾಗೆ ಕಾದಿತ್ತು. ಅಂಗಾಲಿಗೆ ಗೋಣಿಚೀಲ ಸುತ್ತಿಕೊಂಡು, ತಗಡಿನ ಒಂದೊಂದು ಮಡಿಕೆಯಲ್ಲೂ ಕೈಯಾಡಿಸಿದ. ಅವನ ಕಣ್ಣಿಂದ ನೀರಿಳಿಯುತ್ತಿದ್ದದ್ದು ಹೊಗೆಗೋ ಬಿಸಿಲಿಗೋ ಎಂದು ಕೆಳಗಿನಿಂದ ನೋಡುತ್ತಿದ್ದ ಖಾಜಾಬಿ ಕೇಳಲಿಲ್ಲ. ಹಳೆಯ ಚೆಂಡು, ಸತ್ತ ಅಳಿಲು, ಮಸಿ ಹಿಡಿದ ಎಲೆಗಳ ನಡುವೆ, ನೀರು ಹೋಗುವ ಅಂಚಿನಲ್ಲಿ ಒಣಗಿ ಕಲ್ಲಾದ ಸಗಣಿ ಉಂಡೆ ಸಿಕ್ಕಿತು. ಒಡೆದರೆ ಅಕ್ಕಿಕಾಳಿನಷ್ಟು ದೊಡ್ಡ ಹಲ್ಲು.

ಕೆಳಗೆ ಹಾಲಮ್ಮ ಸೊಸೆಯ ಪಕ್ಕ ಕೂತಿದ್ದಳು.

“ಹೋಗೋವಾಗ ಹೆಸ್ರು ಏನಂತ ಹೇಳಿದ್ಲೇ?”

“ತಿಪ್ಪಿ ಅಂದ್ಲು ಅತ್ತಿ. ನಾನೂ ಹೌದು ಅಂದೆ.”

ಹಾಲಮ್ಮ ಕಣ್ಣು ಮುಚ್ಚಿದಳು. “ಹಂಗಾರೆ ಬಂದೋನು ಹೊಳ್ಳಿ ಹೋದ. ತಂಗಿ ಹೆಸ್ರಲ್ಲಿ ಅಕ್ಕ ಹೋದ್ಲು,” ಎಂದು, ಆಮೇಲೆ ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ, ದೊಡ್ಡ ಮೊಮ್ಮಗಳ ಹೆಸರು ಹಿಡಿದು ಅತ್ತಳು. ಆರೂವರೆ ವರ್ಷ ತಡೆದಿಟ್ಟಿದ್ದ ಅಳು.

ಹಲ್ಲಿನಿಂದ ಕಟ್ಟಿದ ಹೊಸ ನೆರಳು ನಿಜ ಹೇಳಿತು. ತಿಪ್ಪಿಯ ಮೈ ಆ ಔಷಧವನ್ನು ಅರಗಿಸದ ಮೈ. ಡಾಕ್ಟರು ದೊಡ್ಡ ಸುತ್ತನ್ನು ಹದಿನೈದು ಸಣ್ಣ ಸುತ್ತುಗಳಾಗಿ ಒಡೆದು ಕೊಟ್ಟರು. ಹೇಳಿದ ಹಾಗೆ ದಾಕ್ಷಾಯಿಣಿ ಮಂಗಳವಾರ ಹೋದಳು, ಆಮೇಲಿನ ಮಂಗಳವಾರಗಳಲ್ಲೂ ಹೋದಳು. ಈ ನೆರಳಿನ ದನಿ ಗಂಟೆಯ ಹಾಗೆ ತಿಳಿಯಾಗಿತ್ತು. ಪ್ರಶ್ನೆಗಳ ನಡುವೆ ಅವಳು ಒಂದೊಂದು ಸಲ ಸುಮ್ಮನಾಗಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಒಡಕು ದನಿ ಮತ್ತೆ ಬರಲಿಲ್ಲ. ಜಯದೇವ ಆಗೆಲ್ಲ ಬೇರೆ ಪರದೆಯ ಕಡೆ ನೋಡುತ್ತಿದ್ದ.

ಹನ್ನೊಂದು ತಿಂಗಳ ಮೇಲೆ ತಿಪ್ಪಿ ಮನೆಗೆ ಬಂದಳು. ತಲೆಯ ಮೇಲೆ ಮೆತ್ತನೆಯ ಹೊಸ ಕೂದಲು, ಕೊರಳಲ್ಲಿ ಏನೂ ಇಲ್ಲ. ರಕ್ತ ಸದ್ಯಕ್ಕೆ ಸ್ವಚ್ಛವಾಗಿದೆ, ಐದು ವರ್ಷ ನೋಡುತ್ತಿರಬೇಕು ಎಂದಿದ್ದರು ಡಾಕ್ಟರ್ ಮುಬೀನಾ. ದಾಕ್ಷಾಯಿಣಿ ಮಂಡಕ್ಕಿಗೆ ಒಗ್ಗರಣೆ ಹಾಕಿ, ಶೇಂಗಾ ಬೆರೆಸಿ, ಮೇಲೆ ಕೊತ್ತಂಬರಿ ಉದುರಿಸಿ ಎಲ್ಲರಿಗೂ ತಟ್ಟೆಗೆ ಹಾಕಿದಳು. ತಿಪ್ಪಿ ತಟ್ಟೆಗಳನ್ನು ಎಣಿಸಿದಳು. ಒಂದು ಹೆಚ್ಚಿತ್ತು. ಅದರ ಮೇಲೆ ಕೊತ್ತಂಬರಿ ಇರಲಿಲ್ಲ.

“ಇದ್ಯಾರಿಗವ್ವ?”

ದಾಕ್ಷಾಯಿಣಿ ತನ್ನ ಕೈಯನ್ನೇ ನೋಡಿಕೊಂಡಳು. ತಟ್ಟೆ ಹಾಕಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

“ಮೊದ್ಲು ಮಶೀನಿನಾಗೆ ಇದ್ಲಲ್ಲ, ಅವಳಿಗೆ,” ಎಂದಳು ದಾಕ್ಷಾಯಿಣಿ. “ಅವಳು ನೀನಲ್ಲ. ನಿಮ್ಮಕ್ಕ. ನಿಹಾರಿಕಾ ಅಂತ ಹೆಸರು.”

ತಿಪ್ಪಿ ಆ ಹೆಸರನ್ನು ಒಂದು ಸಲ ತಾನೂ ಹೇಳಿ ನೋಡಿದಳು. ಆಮೇಲೆ ತಟ್ಟೆಯತ್ತ ಬಾಗಿದಳು.

“ಅಕ್ಕಗೆ ಕೊತ್ತಂಬರಿ ಸೇರಲ್ವಾ?”

“ಸೇರಲ್ಲ. ಸಾಬೂನಿನ ವಾಸ್ನೆ ಅಂತಿದ್ಲು.”

ತಿಪ್ಪಿ ತನ್ನ ತಟ್ಟೆಯಿಂದ ಒಂದು ಎಲೆ ಎತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದಳು.

“ನಂಗೇನೂ ಬರ್ತಿಲ್ಲವ್ವ,” ಎಂದು ಅದನ್ನು ಬಾಯಿಗೆ ಹಾಕಿಕೊಂಡಳು.